ಮೂರು ವಾರದ ಚಕ್ರವರ್ತಿಗೂ ಒಂದು ನಾಣ್ಯ

ಹಳೇ ರೋಮಿನ ನಾಣ್ಯಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಈ ಸಲ ಆರನ್ನು ಆರಿಸಿಕೊಂಡಿದ್ದೇನೆ. ಹೆಚ್ಚಿನವು ಒಂದೇ ಥರದ ದೊರೆಗಳ ಬಗ್ಗೆ. ಪಟ್ಟಕ್ಕೆ ಬಂದರು, ಕೂತ ಜಾಗ ಬಿಸಿಯಾಗುವ ಮೊದಲೇ ಹೋದರು. ಅಂಥವರು.

ಪ್ರಶ್ನೆ: ಕ್ರಿ.ಶ. 238ರಲ್ಲಿ ಒಂದೇ ವರ್ಷ ಆರು ಜನ ರೋಮ್ ಚಕ್ರವರ್ತಿಗಳಾಗಿದ್ದರಂತೆ. ಅದರಲ್ಲಿ ಗೋರ್ಡಿಯನ್ ಅಪ್ಪ-ಮಗ ಇದ್ದದ್ದು ಬರೀ ಮೂರು ವಾರ. ಆದರೂ ಅವರ ನಾಣ್ಯಗಳಿವೆ ಅಂತ ಓದಿದೆ. ಅಷ್ಟರಲ್ಲಿ ನಾಣ್ಯ ಹೊಡೆಸಲು ಪುರುಸೊತ್ತು ಎಲ್ಲಿತ್ತು? ಮುಖ ಹೇಗಿದೆ ಅಂತಲಾದರೂ ಟಂಕಸಾಲೆಯವರಿಗೆ ಗೊತ್ತಿತ್ತಾ? (ಕಾಲೇಜು ವಿದ್ಯಾರ್ಥಿ, ಮೈಸೂರು)

ಬೇರೆ ಯಾವುದಕ್ಕೆ ಪುರುಸೊತ್ತು ಇಲ್ಲದಿದ್ದರೂ ನಾಣ್ಯಕ್ಕೆ ಇರಲೇಬೇಕಿತ್ತು. ಹೊಸದಾಗಿ ಪಟ್ಟಕ್ಕೆ ಬಂದವನ ಮೊದಲ ಖರ್ಚು ಸೈನಿಕರ ಇನಾಮು. ಅದು ಕೊಡದಿದ್ದರೆ ಮುಂದಿನ ಮಾತೇ ಇಲ್ಲ. ಕೊಡುವ ದುಡ್ಡಿನ ಮೇಲೆ ಸತ್ತವನ ಮುಖ ಇರುವುದಕ್ಕಿಂತ ತನ್ನ ಮುಖ ಇದ್ದರೆ ಒಳ್ಳೆಯದಲ್ವಾ? ಪತ್ರಿಕೆಯಿಲ್ಲ, ಫೋಟೋ ಇಲ್ಲ. ದೂರದ ಊರಿನವರಿಗೆ ದೊರೆ ಬದಲಾದದ್ದು ತಿಳಿಯುತ್ತಿದ್ದ ದಾರಿಗಳಲ್ಲಿ ಕೈಗೆ ಬಂದ ನಾಣ್ಯವೂ ಒಂದು.

ಕೆಲಸವೂ ನಾವು ಅಂದುಕೊಂಡಷ್ಟು ನಿಧಾನದ್ದಲ್ಲ. ಮುಖದ್ದೊಂದು ಅಚ್ಚು, ಹಿಂಬದಿಯದ್ದೊಂದು ಅಚ್ಚು ಕೆತ್ತಬೇಕು. ಒಂದನ್ನು ಅಡಿಗಲ್ಲಿನ ಥರ ಕೆಳಗೆ ಕೂರಿಸಿ, ಲೋಹದ ಬಿಲ್ಲೆ ಇಟ್ಟು, ಮೇಲೆ ಇನ್ನೊಂದನ್ನು ಹಿಡಿದು ಸುತ್ತಿಗೆಯಿಂದ ಒಂದೇಟು. ಒಂದು ಜೊತೆ ಅಚ್ಚಿನಿಂದ ಸಾವಿರಗಟ್ಟಲೆ ನಾಣ್ಯ ಬರುತ್ತದೆ. ರೋಮಿನ ಟಂಕಸಾಲೆಯಲ್ಲಿ ಆಳುಗಳಿದ್ದರು, ಬೆಳ್ಳಿ ಇತ್ತು, ಅಭ್ಯಾಸ ಇತ್ತು. ಮೂರು ವಾರ ಧಾರಾಳವಾಯಿತು.

ಗೋರ್ಡಿಯನ್ನರ ಕಥೆಯಲ್ಲಿ ನನಗೆ ವಿಚಿತ್ರ ಅನ್ನಿಸುವುದು ಬೇರೆಯೇ. ಅವರು ರೋಮಿನಲ್ಲಿ ಇರಲೇ ಇಲ್ಲ! ಈಗಿನ ಟ್ಯುನೀಷಿಯಾ ಕಡೆ ತೆರಿಗೆ ಕಾಟ ತಡೆಯಲಾರದೆ ಜಮೀನುದಾರರು ದಂಗೆಯೆದ್ದರು. ಸುಮಾರು 80ರ ಮುದುಕ ಗವರ್ನರ್ ಗೋರ್ಡಿಯನ್ನನನ್ನು ಬಲವಂತದಿಂದಲೇ ಚಕ್ರವರ್ತಿ ಮಾಡಿದರು. ಆತ ಮಗನನ್ನೂ ಜೊತೆಗೆ ಸೇರಿಸಿಕೊಂಡ. ರೋಮಿನ ಸೆನೆಟ್, ಅಂದರೆ ಹಿರಿಯರ ಸಭೆ, ಆಗ ಪಟ್ಟದಲ್ಲಿದ್ದ ಮ್ಯಾಕ್ಸಿಮಿನಸ್ ಮೇಲಿನ ಸಿಟ್ಟಿಗೆ ತಕ್ಷಣ ಒಪ್ಪಿಗೆ ಕೊಟ್ಟಿತು, ರೋಮಿನಲ್ಲೇ ನಾಣ್ಯ ಶುರುವಾಯಿತು. ಅಷ್ಟರಲ್ಲಿ ಪಕ್ಕದ ನ್ಯೂಮಿಡಿಯಾದ ಗವರ್ನರ್ ಕ್ಯಾಪೆಲಿಯಾನಸ್ ಪಳಗಿದ ಸೈನ್ಯ ತಂದು ಕಾರ್ಥೇಜಿನ ಹತ್ತಿರ ಮಗನನ್ನು ಕೊಂದ. ಸುದ್ದಿ ಕೇಳಿ ಅಪ್ಪ ನೇಣು ಹಾಕಿಕೊಂಡ. ತಮ್ಮ ಮುಖವಿದ್ದ ರೋಮಿನ ನಾಣ್ಯವನ್ನು ಅಪ್ಪ-ಮಗ ಒಂದು ಸಲವಾದರೂ ಕೈಯಲ್ಲಿ ಹಿಡಿದಿದ್ದರೋ ಇಲ್ಲವೋ, ನನಗಂತೂ ಅನುಮಾನ. ಆ ನಾಣ್ಯಗಳ ಹಿಂಬದಿಯಲ್ಲಿ ವಿಜಯದೇವತೆಯ ಚಿತ್ರವೂ ಇದೆ. ಗೆದ್ದ ಯುದ್ಧ ಒಂದೂ ಇಲ್ಲ.

ಮುಖದ ವಿಷಯ. ಅಪ್ಪ ಹಳೇ ಸೆನೆಟರ್, ರೋಮಿನಲ್ಲಿ ಗೊತ್ತಿದ್ದ ಆಸಾಮಿ, ಹಾಗಾಗಿ ಕೆತ್ತುವವರಿಗೆ ಅಷ್ಟು ಕಷ್ಟ ಆಗಿರಲಾರದು. ಇಬ್ಬರ ನಾಣ್ಯದ ಮೇಲೂ ಹೆಸರು, ಬಿರುದು ಎಲ್ಲ ಒಂದೇ. ಗುರುತು ಹಿಡಿಯುವುದು ಹಣೆ ನೋಡಿ: ಮಗನಿಗೆ ಕೂದಲು ಹಿಂದೆ ಸರಿದಿದೆ, ಅಪ್ಪನಿಗಿಲ್ಲ. ಅವರ ಎದುರಾಳಿ ಮ್ಯಾಕ್ಸಿಮಿನಸ್‌ನದು ಇನ್ನೂ ಮಜಾ. ಆತ ಚಕ್ರವರ್ತಿಯಾಗಿ ರೋಮಿಗೆ ಕಾಲೇ ಇಡಲಿಲ್ಲ. 235ರ ಅವನ ಮೊದಲ ನಾಣ್ಯಗಳಲ್ಲಿ ಮುಖ ಹೆಚ್ಚುಕಮ್ಮಿ ಹಿಂದಿನ ದೊರೆ ಅಲೆಕ್ಸಾಂಡರ್ ಸೆವೆರಸ್‌ನದೇ. ಹೆಸರು ಬದಲಾಯಿಸಿ ತಳ್ಳಿದ್ದಾರೆ. ಆಮೇಲಿನ ನಾಣ್ಯಗಳಲ್ಲಿ ಅವನ ಪ್ರಸಿದ್ಧ ಚಾಚಿದ ಗದ್ದ ಬರುತ್ತದೆ. ಅಷ್ಟೊತ್ತಿಗೆ ಯಾವುದೋ ಮಾದರಿ ರೋಮಿಗೆ ತಲುಪಿರಬೇಕು.

ನಿಜವಾಗಿ ಪುರುಸೊತ್ತಿಲ್ಲದವರ ನಾಣ್ಯ ನೋಡಬೇಕಾದರೆ 260ರ ರೆಗಾಲಿಯಾನಸ್‌ನದು ನೋಡಿ. ಈಗಿನ ವಿಯೆನ್ನಾ ಹತ್ತಿರದ ಕಾರ್ನುಂಟಮ್‌ನಲ್ಲಿ ದಂಗೆಯೆದ್ದವನು. ಬಿಲ್ಲೆ ಮಾಡುವ ಗೋಜಿಗೇ ಹೋಗದೆ ಹಳೇ ಬೆಳ್ಳಿ ನಾಣ್ಯಗಳ ಮೇಲೆಯೇ ತನ್ನದೂ ಹೆಂಡತಿ ಡ್ರ್ಯಾಂಟಿಲ್ಲಾಳದೂ ಮುಖ ಹೊಡೆಸಿದ. ಕೆಲವದರಲ್ಲಿ ಹಳೇ ದೊರೆಯ ಹೆಸರಿನ ಅಕ್ಷರಗಳು ಅಡಿಯಿಂದ ಇಣುಕುತ್ತವೆ.

ಪ್ರಶ್ನೆ: ಡಿಡಿಯಸ್ ಜೂಲಿಯಾನಸ್ ನಾಣ್ಯದ ಮೇಲೆ 'ಸೈನಿಕರ ಒಗ್ಗಟ್ಟು' ಅಂತ ಬರೆದಿದೆಯಂತೆ. ಆದರೆ ಅವನನ್ನು ಕೈಬಿಟ್ಟಿದ್ದೇ ಸೈನಿಕರು. ಇದು ಸುಳ್ಳೋ, ವ್ಯಂಗ್ಯವೋ? (ನಿವೃತ್ತ ಶಿಕ್ಷಕರು, ಧಾರವಾಡ)

ಎರಡೂ ಅಲ್ಲ ಮೇಷ್ಟ್ರೇ. ಹಳ್ಳಿ ಅಂಗಡಿಗಳಲ್ಲಿ 'ಇಂದು ನಗದು, ನಾಳೆ ಉದ್ರಿ' ಅಂತ ಬೋರ್ಡು ಹಾಕಿರುತ್ತಾರಲ್ಲ, ಅದನ್ನು ಓದಿದರೆ ಆ ಅಂಗಡಿಗೆ ಉದ್ರಿ ಕೇಳುವವರ ಕಾಟ ಜಾಸ್ತಿ ಅಂತ ನಮಗೆ ಗೊತ್ತಾಗುತ್ತದೆ. ಈ ನಾಣ್ಯಗಳನ್ನೂ ಹಾಗೇ ಓದಬೇಕು. ಯಾವುದು ಇತ್ತು ಅಂತ ಅಲ್ಲ, ಯಾವುದು ಬೇಕಾಗಿತ್ತು ಅಂತ.

ಜೂಲಿಯಾನಸ್ ಕಥೆ ನಿಮಗೆ ಗೊತ್ತೇ ಇದೆ, ಉಳಿದವರಿಗಾಗಿ ಹೇಳುತ್ತೇನೆ. 193ರ ಮಾರ್ಚ್‌ನಲ್ಲಿ ಅರಮನೆ ಕಾವಲು ಪಡೆ ಚಕ್ರವರ್ತಿ ಪರ್ಟಿನಾಕ್ಸ್‌ನನ್ನು ಕೊಂದು ಸಿಂಹಾಸನವನ್ನು ಹರಾಜಿಗಿಟ್ಟಿತು. ಶಿಬಿರದ ಒಳಗೆ ನಿಂತ ಸಲ್ಪಿಸಿಯಾನಸ್ ಒಬ್ಬೊಬ್ಬ ಸೈನಿಕನಿಗೆ ಆ ಕಾಲದ ದುಡ್ಡಿನಲ್ಲಿ 20,000 ಸೆಸ್ಟರ್ಸ್‌ವರೆಗೆ ಏರಿಸಿದ. ಹೊರಗೆ ನಿಂತ ಜೂಲಿಯಾನಸ್ ಒಂದೇ ಸಲಕ್ಕೆ 25,000 ಅಂದುಬಿಟ್ಟ. ಹರಾಜು ಮುಗಿಯಿತು. 66 ದಿನಕ್ಕೆ ಅವನೂ ಮುಗಿದ. ಹೀಗೆ ಕೊಂಡುಕೊಂಡವನಿಗೆ ನಾಣ್ಯದ ಮೇಲೆ 'ಸೈನಿಕರ ಒಗ್ಗಟ್ಟು' ಬಿಟ್ಟು ಬೇರೆ ಏನು ಬರೆಸಲು ತೋಚೀತು ಹೇಳಿ?

ಕ್ರಿ.ಶ. 69ರ ಆಥೋನದು ಇನ್ನೂ ಜೋರು. ಮೂರು ತಿಂಗಳ ದೊರೆ. ಉತ್ತರದಿಂದ ಎದುರಾಳಿ ವಿಟೆಲಿಯಸ್‌ನ ಸೈನ್ಯ ಇಳಿದು ಬರುತ್ತಿದೆ, ಇವನ ಬೆಳ್ಳಿ ನಾಣ್ಯದ ಮೇಲೆ 'ಲೋಕಕ್ಕೆಲ್ಲ ಶಾಂತಿ'. ಏಪ್ರಿಲ್‌ನಲ್ಲಿ ಬೆಡ್ರಿಯಾಕಮ್ ಹತ್ತಿರ ಸೋತು ತಾನೇ ಪ್ರಾಣ ಕಳೆದುಕೊಂಡ. ಅಂದಹಾಗೆ ಆಥೋ ಟೋಪನ್ ಹಾಕಿಕೊಳ್ಳುತ್ತಿದ್ದ ಅಂತ ರೋಮಿನ ಚರಿತ್ರೆಕಾರ ಸ್ವೆಟೋನಿಯಸ್ ಬರೆದಿದ್ದಾನೆ. ನಾಣ್ಯದ ಮೇಲೆ ಸಾಲುಸಾಲಾಗಿ ಜೋಡಿಸಿದ ಆ ಕೂದಲು ನೋಡಿದರೆ ನಂಬಿಕೆ ಬರುತ್ತದೆ.

ನನ್ನ ಮೆಚ್ಚಿನದು ಮಾತ್ರ ಬಾಲ್ಬಿನಸ್ ಮತ್ತು ಪ್ಯೂಪಿಯೆನಸ್. ಗೋರ್ಡಿಯನ್ನರು ಸತ್ತ ಮೇಲೆ ಸೆನೆಟ್ ತನ್ನೊಳಗಿಂದಲೇ ಇಬ್ಬರನ್ನು ಸಮಾನ ದೊರೆಗಳಾಗಿ ಆರಿಸಿತು. ಇಬ್ಬರಿಗೂ ಆಗಿಬರುತ್ತಿರಲಿಲ್ಲ. ನಾಣ್ಯದ ಹಿಂಬದಿಯಲ್ಲಿ ಒಂದನ್ನೊಂದು ಹಿಡಿದ ಎರಡು ಕೈಗಳು, ಸುತ್ತ 'ಪರಸ್ಪರ ಪ್ರೀತಿ', 'ಪರಸ್ಪರ ನಂಬಿಕೆ', 'ಪರಸ್ಪರ ಮಮತೆ', 'ಪರಸ್ಪರ ಭಕ್ತಿ'. ಒಂದು ಸಲ ಹೇಳಿದ್ದರೆ ನಂಬಬಹುದಿತ್ತು. 99 ದಿನಕ್ಕೆ ಕಾವಲು ಪಡೆ ಅರಮನೆಗೆ ನುಗ್ಗಿತು. ಜರ್ಮನ್ ಅಂಗರಕ್ಷಕರನ್ನು ಕರೆಸೋಣ ಅಂತ ಪ್ಯೂಪಿಯೆನಸ್, ಇದು ನನ್ನನ್ನೇ ಮುಗಿಸುವ ಹೂಟ ಅಂತ ಬಾಲ್ಬಿನಸ್. ಇವರ ಜಗಳ ಮುಗಿಯುವ ಮೊದಲೇ ಸೈನಿಕರು ಇಬ್ಬರನ್ನೂ ಎಳೆದೊಯ್ದು ಕೊಂದರು.

ಆದರೆ ಒಂದು ಎಚ್ಚರ. 'ಒಗ್ಗಟ್ಟು', 'ವಿಜಯ', 'ಶಾಂತಿ' ಇವೆಲ್ಲ ರೋಮಿನ ನಾಣ್ಯಗಳಲ್ಲಿ ಮಾಮೂಲಿ ಮಾತು, ನೆಮ್ಮದಿಯ ಕಾಲದ ದೊರೆಗಳೂ ಬರೆಸಿದ್ದಾರೆ. ಕಂಡಲ್ಲೆಲ್ಲ ಸಂಕಟ ಹುಡುಕಬೇಡಿ.

ಪ್ರಶ್ನೆ: ಮಾರಿಯಸ್ ಅನ್ನುವ ಕಮ್ಮಾರ ಮೂರೇ ದಿನ ಚಕ್ರವರ್ತಿಯಾಗಿದ್ದ ಅಂತಾರೆ. ನಿಜವಾ? (ಓದುಗರು, ಶಿವಮೊಗ್ಗ)

ಸುಳ್ಳು. ಅದನ್ನು ಸುಳ್ಳು ಅಂತ ತೋರಿಸಿದ್ದೇ ನಾಣ್ಯಗಳು.

ಈ ಮಾರಿಯಸ್ 269ರವನು. ಆಗ ಗಾಲ್, ಅಂದರೆ ಈಗಿನ ಫ್ರಾನ್ಸ್ ಮತ್ತು ಸುತ್ತಲ ಸೀಮೆ, ರೋಮಿನಿಂದ ಬೇರೆಯಾಗಿ ತನ್ನದೇ ಚಕ್ರವರ್ತಿಗಳನ್ನು ಇಟ್ಟುಕೊಂಡಿತ್ತು. ಮೊದಲ ದಿನ ಪಟ್ಟ, ಎರಡನೇ ದಿನ ಆಳ್ವಿಕೆ, ಮೂರನೇ ದಿನ ಕೊಲೆ, ಅದೂ ತಾನೇ ಹಿಂದೆ ಬಡಿದು ಮಾಡಿದ ಕತ್ತಿಯಿಂದ ಅಂತ 'ಹಿಸ್ಟೋರಿಯಾ ಆಗಸ್ಟಾ' ಅನ್ನುವ ಹಳೇ ಗ್ರಂಥ ಹೇಳುತ್ತದೆ. ಕಥೆ ಚೆನ್ನಾಗಿದೆ. ಜಾಸ್ತಿಯೇ ಚೆನ್ನಾಗಿದೆ. ಆ ಗ್ರಂಥ ಪೂರ್ತಿ ಇಂಥದ್ದೇ, ಅರ್ಧ ಇತಿಹಾಸ, ಅರ್ಧ ಹರಟೆ.

ನಾಣ್ಯ ಏನು ಹೇಳುತ್ತದೆ? ಮಾರಿಯಸ್‌ನ ನಾಣ್ಯಗಳು ಎರಡು ಬೇರೆ ಬೇರೆ ಟಂಕಸಾಲೆಗಳಿಂದ ಬಂದಿವೆ, ಹಿಂಬದಿಯ ಚಿತ್ರಗಳೂ ಹಲವು ಬಗೆ, ಸಿಕ್ಕಿರುವ ಸಂಖ್ಯೆಯೂ ಸಾಕಷ್ಟು. ಇಲ್ಲಿ ಲೆಕ್ಕ ಹಾಕುವ ಕ್ರಮ ಹೀಗೆ. ಸಿಕ್ಕ ನಾಣ್ಯಗಳನ್ನೆಲ್ಲ ಹೋಲಿಸಿ ನೋಡಿ ಎಷ್ಟು ಅಚ್ಚು ಕೆತ್ತಿದ್ದರು ಅಂತ ಎಣಿಸುತ್ತಾರೆ. ಒಂದು ಅಕ್ಷರ ವಾಲಿರುವುದು, ಕಿರೀಟದ ಮುಳ್ಳು ಸ್ವಲ್ಪ ಗಿಡ್ಡ ಇರುವುದು, ಅಚ್ಚಿನಲ್ಲಿ ಬಿದ್ದ ಬಿರುಕು, ಇಂಥವು ನೋಡಿ ಈ ನಾಣ್ಯ, ಆ ನಾಣ್ಯ ಒಂದೇ ಅಚ್ಚಿನವು ಅಂತ ಗುರುತಿಸುತ್ತಾರೆ. ಬಲೇ ತಾಳ್ಮೆಯ ಕೆಲಸ. ಹೀಗೆ ನೋಡಿದರೆ ಮಾರಿಯಸ್‌ಗೆ ಮೂರು ದಿನ ಸಾಲುವುದಿಲ್ಲ, ಎರಡು ತಿಂಗಳ ಆಸುಪಾಸಾದರೂ ಬೇಕು. ಕಮ್ಮಾರ ಅನ್ನುವ ಮಾತಿಗೆ ನಾಣ್ಯ ಹೌದು ಅಂತಲೂ ಹೇಳುವುದಿಲ್ಲ, ಅಲ್ಲ ಅಂತಲೂ ಹೇಳುವುದಿಲ್ಲ.

270ರ ರೋಮ್ ಚಕ್ರವರ್ತಿ ಕ್ವಿಂಟಿಲಸ್‌ದೂ ಇದೇ ಪಾಡು. 17 ದಿನ ಅಂತ ಕೆಲವು ಗ್ರಂಥಗಳು. ನಾಣ್ಯ ನೋಡಿದರೆ ಅದೂ ನಂಬಲು ಕಷ್ಟ.

ಪ್ರಶ್ನೆ: ಇಲ್ಲಿನ ಒಂದು ಅಂಗಡಿಯಲ್ಲಿ 'ರೋಮನ್ ಬೆಳ್ಳಿ ನಾಣ್ಯ, ಕ್ಲಾಡಿಯಸ್ 2, ಕ್ರಿ.ಶ. 268–270' ಅಂತ ಚೀಟಿ ನೋಡಿ ಕೊಂಡೆ. ಮನೆಗೆ ತಂದು ನೋಡಿದರೆ ತಾಮ್ರದ ಬಣ್ಣ. ಮೋಸಹೋದೆನಾ? (ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಕನ್ನಡಿಗರು)

ಮೋಸ ಆಗಿದ್ದು ನಿಜ, ಆದರೆ ಮಾಡಿದ್ದು ಅಂಗಡಿಯವನಲ್ಲ. ಸುಮಾರು 1,750 ವರ್ಷದ ಹಿಂದೆ ರೋಮಿನ ಖಜಾನೆಯೇ ಮಾಡಿದ್ದು.

ನಿಮ್ಮ ಕೈಯಲ್ಲಿರುವುದು ಆಂಟೊನಿನಿಯಾನಸ್ ಅಂತ ಈಗ ನಾವು ಕರೆಯುವ ನಾಣ್ಯ. ದೊರೆಯ ತಲೆಯ ಮೇಲೆ ಸೂರ್ಯನ ಕಿರಣಗಳಂಥ ಮುಳ್ಳುಮುಳ್ಳು ಕಿರೀಟ ಇದ್ದರೆ ಅದೇ. 215ರಲ್ಲಿ ಕ್ಯಾರಕಾಲಾ ಶುರುಮಾಡಿದ. ಐದು ಗ್ರಾಂ ತೂಕ, ಅದರಲ್ಲಿ ಸುಮಾರು ಅರ್ಧ ಬೆಳ್ಳಿ. ಡಿನಾರಿಯಸ್ ಅನ್ನುವ ಹಳೇ ಬೆಳ್ಳಿ ನಾಣ್ಯ ಎರಡಕ್ಕೆ ಸಮ ಅಂತ ಚಲಾವಣೆಗೆ ಬಿಟ್ಟರು ಅನ್ನುವುದು ಹೆಚ್ಚಿನ ವಿದ್ವಾಂಸರ ಮಾತು. ಒಳಗಿದ್ದ ಬೆಳ್ಳಿ ಮಾತ್ರ ಒಂದೂವರೆ ಡಿನಾರಿಯಸ್‌ನಷ್ಟೇ. ಅಲ್ಲಿಂದಲೇ ಕಲಬೆರಕೆ ಶುರು ಅನ್ನಿ. ನಡುವೆ ನಿಂತಿದ್ದ ಈ ನಾಣ್ಯವನ್ನು 238ರಲ್ಲಿ ಮತ್ತೆ ತಂದವರು ಆ ಜಗಳಗಂಟ ಜೋಡಿ, ಬಾಲ್ಬಿನಸ್ ಮತ್ತು ಪ್ಯೂಪಿಯೆನಸ್.

ಆಮೇಲೆ ಇಳಿಜಾರು. ಒಂದು ಕಡೆ ರೈನ್ ಮತ್ತು ಡ್ಯಾನ್ಯೂಬ್ ಗಡಿ, ಇನ್ನೊಂದು ಕಡೆ ಪರ್ಷಿಯಾ, ನಡುವೆ ಊರೂರು ಖಾಲಿ ಮಾಡಿದ ಪಿಡುಗು, ಸಾಲದ್ದಕ್ಕೆ ವರ್ಷಕ್ಕೊಬ್ಬ ಹೊಸ ದೊರೆ, ಪ್ರತಿಯೊಬ್ಬನೂ ಸೈನಿಕರಿಗೆ ಇನಾಮು ಕೊಡಲೇಬೇಕು, ಇರುವ ಬೆಳ್ಳಿ ಅಷ್ಟೇ. ಹಾಲಿಗೆ ನೀರು ಬೆರೆಸಿದ ಹಾಗೆ ತಾಮ್ರ ಬೆರೆಸುತ್ತಾ ಹೋದರು. 260ರಲ್ಲಿ ವಲೇರಿಯನ್ ಪರ್ಷಿಯಾದ ದೊರೆ ಶಾಪುರನ ಕೈಗೆ ಸೆರೆಸಿಕ್ಕ ಮೇಲಂತೂ ಹಿಡಿತವೇ ತಪ್ಪಿತು. ನಿಮ್ಮ ಕ್ಲಾಡಿಯಸ್ ಕಾಲಕ್ಕೆ ನೂರರಲ್ಲಿ ಎರಡು-ಮೂರು ಪಾಲು ಬೆಳ್ಳಿ ಉಳಿದಿತ್ತು. ಟಂಕಸಾಲೆಯಿಂದ ಹೊರಬಿದ್ದಾಗ ಮೇಲ್ಮೈಯಲ್ಲಿ ತೆಳು ಬೆಳ್ಳಿ ಮಿಂಚುತ್ತಿತ್ತು. ಕೈಯಿಂದ ಕೈಗೆ ಹೋಗುತ್ತಾ ಅದು ಉಜ್ಜಿಹೋಯಿತು, ಒಳಗಿನ ಬಣ್ಣ ಬಯಲಾಯಿತು.

ಟಂಕಸಾಲೆಯವರೂ ಕೈ ಬಿಸಿ ಮಾಡಿಕೊಳ್ಳುತ್ತಿದ್ದರು ಅನ್ನುವ ಆರೋಪ ಆಗಲೇ ಇತ್ತು. ಮುಂದೆ ಬಂದ ಔರೇಲಿಯನ್ ಕಾಲದಲ್ಲಿ ರೋಮಿನ ಟಂಕಸಾಲೆ ಕೆಲಸಗಾರರೇ ದಂಗೆಯೆದ್ದು ಬೀದಿಯಲ್ಲಿ ಯುದ್ಧವೇ ಆಯಿತು. 274ರಲ್ಲಿ ಔರೇಲಿಯನ್ ನಾಣ್ಯ ಸುಧಾರಿಸಿದ. ನೂರರಲ್ಲಿ ಸುಮಾರು ಐದು ಪಾಲು ಬೆಳ್ಳಿ, ಅಡಿಯಲ್ಲಿ ರೋಮನ್ ಅಂಕಿಯಲ್ಲಿ 21 ಅಂತ ಗುರುತು. ಇಪ್ಪತ್ತು ಪಾಲು ತಾಮ್ರಕ್ಕೆ ಒಂದು ಪಾಲು ಬೆಳ್ಳಿ ಅಂತ ಅದರ ಅರ್ಥ ಇರಬೇಕು. ಸರ್ಕಾರ ತನ್ನ ಕಲಬೆರಕೆಯ ಲೆಕ್ಕವನ್ನು ನಾಣ್ಯದ ಮೇಲೇ ಬರೆದುಕೊಂಡದ್ದು ನನಗಂತೂ ಪ್ರಾಮಾಣಿಕ ಅನ್ನಿಸುತ್ತದೆ.

ನೀವಿರುವ ದೇಶದಲ್ಲಿ ಇಂಥ ನಾಣ್ಯಕ್ಕೆ ಬರವಿಲ್ಲ. 2010ರಲ್ಲಿ ಸಾಮರ್‌ಸೆಟ್‌ನ ಫ್ರೋಮ್ ಹತ್ತಿರ ಒಂದೇ ಮಡಕೆಯಲ್ಲಿ 52,503 ನಾಣ್ಯ ಸಿಕ್ಕವು. ಹೆಚ್ಚಿನವು ಇದೇ ಜಾತಿ. ಅದಕ್ಕೇ ಕ್ಲಾಡಿಯಸ್, ಗ್ಯಾಲಿಯೆನಸ್, ಟೆಟ್ರಿಕಸ್ ಈ ಕಾಲದ ದೊರೆಗಳ ನಾಣ್ಯಗಳು ಅಗ್ಗ, ನಕಲು ಮಾಡುವವರಿಗೆ ಇದರಲ್ಲಿ ಲಾಭ ಕಮ್ಮಿ. ನಿಮ್ಮದು ಅಸಲಿ ಇರುವ ಸಾಧ್ಯತೆಯೇ ಜಾಸ್ತಿ. ಚೀಟಿಯಲ್ಲಿ ಬರೀ 'ಬೆಳ್ಳಿ' ಅಂತ ಬರೆದದ್ದು ಮಾತ್ರ ಅಂಗಡಿಯವನ ಉದಾರತೆ.

ಪ್ರಶ್ನೆ: ಯಾವ ಪುಸ್ತಕದಲ್ಲೂ ಇಲ್ಲದ ಚಕ್ರವರ್ತಿ ಒಂದು ನಾಣ್ಯದಿಂದ ಪತ್ತೆಯಾದ ಉದಾಹರಣೆ ಇದೆಯಾ? ಅಂಥ ನಾಣ್ಯ ನಕಲಿ ಅಲ್ಲ ಅಂತ ಹೇಗೆ ಹೇಳುತ್ತೀರಿ? (ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಒಂದೇ ನಾಣ್ಯ ಇದ್ದಾಗ ಹೇಳುವುದು ಕಷ್ಟ. ಎರಡನೆಯದು ಸಿಕ್ಕಾಗ ಸುಲಭ. 1900ರಲ್ಲಿ ಫ್ರಾನ್ಸಿನ ನಾಂತ್ ಹತ್ತಿರ ಡೊಮಿಷಿಯಾನಸ್ ಅಂತ ಹೆಸರಿದ್ದ ಒಂದು ನಾಣ್ಯ ಸಿಕ್ಕಿತು. ಮೊದಲನೇ ಶತಮಾನದ ಪ್ರಸಿದ್ಧ ಡೊಮಿಷಿಯನ್ ಅಲ್ಲ, ಇವನು 271ರ ಆಸುಪಾಸಿನವನು. ಈ ಹೆಸರಿನವನೊಬ್ಬ ಔರೇಲಿಯನ್ ವಿರುದ್ಧ ಎದ್ದು ಶಿಕ್ಷೆಗೆ ಒಳಗಾದ ಅಂತ ಹಳೇ ಬರಹದಲ್ಲಿ ಒಂದು ಸಣ್ಣ ಉಲ್ಲೇಖ ಬಿಟ್ಟರೆ ಬೇರೇನೂ ಇರಲಿಲ್ಲ. ಪಂಡಿತರು ನಕಲಿ ಅಂತ ಮೂಲೆಗೆ ತಳ್ಳಿದರು. ನೂರು ವರ್ಷ ಹಾಗೇ ಹೋಯಿತು. 2003ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಚಾಲ್‌ಗ್ರೋವ್‌ನಲ್ಲಿ ಮಡಕೆಯೊಂದು ಸಿಕ್ಕಿತು, ಒಳಗೆ ಕಿಲುಬು ಹಿಡಿದು ಅಂಟಿಕೊಂಡ ಸುಮಾರು 5,000 ನಾಣ್ಯ. ಬ್ರಿಟಿಷ್ ಮ್ಯೂಸಿಯಂನಲ್ಲಿ ಬಿಡಿಸುತ್ತಾ ಕೂತಾಗ ಅದರೊಳಗೊಬ್ಬ ಡೊಮಿಷಿಯಾನಸ್. ಫ್ರಾನ್ಸಿನದ್ದೂ ಇದೂ ಒಂದೇ ಅಚ್ಚಿನಲ್ಲಿ ಹೊಡೆದವು! ಇಷ್ಟು ವರ್ಷ ಮಣ್ಣೊಳಗೆ ಮುಚ್ಚಿದ್ದ ಮಡಕೆಗೆ ಯಾವ ಖೋಟಾ ಕೆಲಸಗಾರ ಕೈ ಹಾಕಲು ಸಾಧ್ಯ? ಹಿಂಬದಿಯಲ್ಲಿ ಏನಿದೆ ಅಂತ ಕೇಳಬೇಡಿ. ಅದೇ, 'ಸೈನಿಕರ ಒಗ್ಗಟ್ಟು'.

ಸಿಲ್ಬನ್ನಾಕಸ್ ಅನ್ನುವವನಿಗಂತೂ ಎರಡು ನಾಣ್ಯ ಬಿಟ್ಟರೆ ಬೇರೆ ಆಧಾರವೇ ಇಲ್ಲ. ಸ್ಪಾನ್ಸಿಯಾನಸ್ ಅನ್ನುವ ಇನ್ನೊಬ್ಬನ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. 1713ರಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿ ಬೆಳಕಿಗೆ ಬಂದ ಚಿನ್ನದ ನಾಣ್ಯಗಳು, ಬಹುಕಾಲದಿಂದ ನಕಲಿ ಅಂತಲೇ ಹೆಸರು. 2022ರಲ್ಲಿ ಗ್ಲ್ಯಾಸ್ಗೋದ ಹಂಟೇರಿಯನ್ ಮ್ಯೂಸಿಯಂನಲ್ಲಿರುವ ನಾಣ್ಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ತಂಡವೊಂದು, ಸವೆತದ ಗೀರುಗಳನ್ನೂ ಮೆತ್ತಿದ ಮಣ್ಣನ್ನೂ ತೋರಿಸಿ ಅಸಲಿ ಅಂದಿತು. ರೋಮನ್ ನಾಣ್ಯ ಬಲ್ಲ ಹಲವರು ಒಪ್ಪಲಿಲ್ಲ. ಅದು ಸುತ್ತಿಗೆಯಲ್ಲಿ ಹೊಡೆದದ್ದಲ್ಲ, ಎರಕ ಹೊಯ್ದದ್ದು. ನಾನೂ ಒಪ್ಪದವರ ಕಡೆ. ಚಿನ್ನದ ನಾಣ್ಯವನ್ನು ಎರಕ ಹೊಯ್ಯುವುದು ಆ ಕಾಲದ ಟಂಕಸಾಲೆಯ ರೂಢಿಯಲ್ಲ.

ನೀವು ಕೊಳ್ಳುವವರಾದರೆ ಇದೇ ಪರೀಕ್ಷೆ ನಿಮಗೂ ಉಪಯೋಗ. ಎರಕದ ನಕಲಿಯಲ್ಲಿ ಅಕ್ಷರದ ಅಂಚು ತೊಯ್ದ ಸೋಪಿನ ಹಾಗೆ ಮೊಂಡಾಗಿರುತ್ತದೆ. ಮೈಮೇಲೆ ಸಣ್ಣ ಗುಳ್ಳೆ ಗುಂಡಿ, ಪಕ್ಕದಲ್ಲಿ ಸುತ್ತ ಒಂದು ಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು. ಹಿಂದೊಮ್ಮೆ ನಾನು ಗೋರ್ಡಿಯನ್ ಅಪ್ಪನ ನಾಣ್ಯ ಅಂತ ಆಸೆಬಿದ್ದು ಒಂದು ಕೊಂಡೆ. ಹಣೆ ನೋಡುವ ಸಂಭ್ರಮದಲ್ಲಿ ಅಂಚು ನೋಡುವುದು ಮರೆತೆ. ಈಗಲೂ ಮೇಜಿನ ಮೇಲಿದೆ, ಕಾಗದ ಹಾರದ ಹಾಗೆ ಇಡಲು ಕೂಡ ಭಾರ ಸಾಲದು.

ಪ್ರಶ್ನೆ: ನಮ್ಮ ಹೊಲದ ಹತ್ತಿರ ಹಳೇ ಬೆಳ್ಳಿ ನಾಣ್ಯ ಸಿಕ್ಕಿದೆ, ಮನುಷ್ಯನ ಮುಖ ಇದೆ. ರೋಮಿನದು ಅಂತಾರೆ. ಈ ಅಲ್ಪಕಾಲದ ದೊರೆಗಳದು ಇರಬಹುದಾ? (ಕೃಷಿಕರು, ಚಿತ್ರದುರ್ಗ ಜಿಲ್ಲೆ)

ನಿಮ್ಮ ಪಕ್ಕದ ಚಂದ್ರವಳ್ಳಿಯಲ್ಲೇ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ, ಹಾಗಾಗಿ ರೋಮಿನದು ಇರಲಾರದು ಅಂತ ನಾನು ಹೇಳುವುದಿಲ್ಲ. ಆದರೆ ಮೇಲೆ ಹೇಳಿದ ಗಲಾಟೆಯ ಕಾಲದ್ದು ಇರುವ ಸಾಧ್ಯತೆ ತೀರಾ ಕಮ್ಮಿ. ನಮ್ಮ ಕಡೆ ಸಿಗುವ ರೋಮನ್ ಬೆಳ್ಳಿ ಬಹುಪಾಲು ಆಗಸ್ಟಸ್ ಮತ್ತು ಟೈಬೀರಿಯಸ್ ಅವರದು, ಅಂದರೆ ಸುಮಾರು ಎರಡು ಸಾವಿರ ವರ್ಷ ಹಿಂದಿನದು. ನಮ್ಮ ವ್ಯಾಪಾರಿಗಳು ಮುಖ ನೋಡಿ ತೆಗೆದುಕೊಂಡವರಲ್ಲ, ತೂಕ ನೋಡಿ ತೆಗೆದುಕೊಂಡವರು. ಆ ಇಬ್ಬರ ಕಾಲದ್ದು ಒಳ್ಳೇ ಬೆಳ್ಳಿ. ಬರ್ಮಿಂಗ್‌ಹ್ಯಾಮ್‌ನವರು ಕೊಂಡ ತಾಮ್ರದ ಬಿಲ್ಲೆ ತಂದಿದ್ದರೆ ಮೆಣಸು ಮಾರುವವನು ಗದರಿ ಕಳಿಸುತ್ತಿದ್ದ.

ಒಂದು ವಿಷಯ ಕಾನೂನಿನದು. ನೆಲದಲ್ಲಿ ಹೂತು ಸಿಕ್ಕ ನಿಧಿಯ ವಿಷಯ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಕಾಯ್ದೆ ಇದೆ. ಎಲ್ಲಿ, ಎಷ್ಟು ಆಳದಲ್ಲಿ, ಮಡಕೆ ಚೂರಿನ ಜೊತೆಗೋ ಒಂಟಿಯಾಗಿಯೋ ಅನ್ನುವುದನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಜಾಗದ ಫೋಟೋ ತೆಗೆಯಿರಿ. ತೋರಿಸುವವರೆಗೂ ಹುಣಸೆಹಣ್ಣು, ನಿಂಬೆಹಣ್ಣು, ಬೂದಿ ಯಾವುದನ್ನೂ ಹಾಕಿ ತಿಕ್ಕಬೇಡಿ. ಮಣ್ಣು ಮೆತ್ತಿದ್ದರೆ ಇರಲಿ ಬಿಡಿ.